ಸಂಪಾದಕರ ಉತ್ತರ: ನಂಬಿಕೆ ಹೋದ ಮೇಲೆ ಹಾಡೋದು ಮೋಸವೇ?

ಪ್ರಿಯ ಸೋದರಿ,

ನಿಮ್ಮ ಪತ್ರ ಬಂದು ಐದು ವಾರ ಆಯಿತು. ಉತ್ತರ ತಡವಾಯಿತು, ಕ್ಷಮಿಸಿ. ಎರಡು ಸಲ ಬರೆದೆ. ಎರಡು ಸಲವೂ ಓದಿ ನೋಡಿ ತೆಗೆದಿಟ್ಟೆ, ಯಾಕೆಂದರೆ ಎರಡರಲ್ಲೂ ನಿಮಗೆ ಬುದ್ಧಿ ಹೇಳುವ ಧಾಟಿ ಇತ್ತು, ಬುದ್ಧಿ ಹೇಳುವವರು ನಿಮ್ಮ ಸುತ್ತ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರವನ್ನು ಪೂರ್ತಿ ಅಚ್ಚು ಮಾಡುವಷ್ಟು ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗೆ ಅದರಲ್ಲಿ ಏನಿದೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ.

ನೀವು 22 ವರ್ಷದಿಂದ ಭಕ್ತಿಗೀತೆ ಹಾಡುತ್ತಿದ್ದೀರಿ. ಜೊತೆಗೆ ತಬಲಾ ನುಡಿಸುತ್ತಿದ್ದವನು ನಿಮ್ಮ ತಮ್ಮ. 14 ತಿಂಗಳ ಹಿಂದೆ ಅವನು ಕಾಯಿಲೆ ಬಿದ್ದು ತೀರಿಕೊಂಡ. ಆಮೇಲೆ ಒಂದು ದಿನ ಬೆಳಿಗ್ಗೆ ಎದ್ದಾಗ ದೇವರ ಮೇಲಿದ್ದ ನಂಬಿಕೆ ನಿಮ್ಮೊಳಗೆ ಇರಲಿಲ್ಲ. ಜಗಳ ಆಡಿಕೊಂಡು ಹೋಗಿದ್ದರೆ ಗೊತ್ತಾಗುತ್ತಿತ್ತು, ಸದ್ದಿಲ್ಲದೆ ಎದ್ದು ಹೋಗಿತ್ತು ಅಂತ ಬರೆದಿದ್ದೀರಿ. ಆದರೂ ಹಾಡುವುದು ನಿಂತಿಲ್ಲ. ಕರೆಯುತ್ತಾರೆ, ಹೋಗುತ್ತೀರಿ, ಹಾಡುತ್ತೀರಿ. ಹೋದ ತಿಂಗಳು ಕಾರ್ಯಕ್ರಮ ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ನಿಮ್ಮ ಎರಡೂ ಕೈ ಹಿಡಿದುಕೊಂಡು, "ಇವತ್ತು ನಿನ್ನ ಬಾಯಲ್ಲಿ ದೇವರೇ ಹಾಡಿದ ಕಣಮ್ಮ" ಅಂದರು. ನಿಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. "ನಾನು ಮೋಸ ಮಾಡುತ್ತಿದ್ದೇನಾ? ಹಾಡೋದು ಬಿಟ್ಟುಬಿಡಲಾ?" ಇದು ನಿಮ್ಮ ಪ್ರಶ್ನೆ.

ಮೊದಲು ನಿಮ್ಮ ತಮ್ಮನ ವಿಷಯ. ನಾಲ್ಕನೇ ಪುಟದಲ್ಲಿ ನೀವು ಬರೆದ ಒಂದು ಮಾತು ನನ್ನನ್ನು ಬಿಡುತ್ತಲೇ ಇಲ್ಲ. ಪಲ್ಲವಿ ಮುಗಿಸಿ ಚರಣಕ್ಕೆ ಹೋಗುವ ಮುಂಚೆ ನೀವು ಅಭ್ಯಾಸಬಲದಿಂದ ಪಕ್ಕಕ್ಕೆ ಕತ್ತು ತಿರುಗಿಸುತ್ತೀರಿ, ಅಲ್ಲಿ ಈಗ ಬೇರೆ ಹುಡುಗ ಕೂತಿರುತ್ತಾನೆ, ಅವನು ಚೆನ್ನಾಗಿಯೇ ನುಡಿಸುತ್ತಾನೆ, ಆದರೆ ನೀವು ತನ್ನ ಕಡೆ ಯಾಕೆ ನೋಡಿದಿರಿ ಅಂತ ತಿಳಿಯದೆ ಗಾಬರಿಯಾಗಿ ಪಾಪ ಸ್ವಲ್ಪ ಜೋರಾಗಿ ಬಾರಿಸಿಬಿಡುತ್ತಾನೆ. ತಮ್ಮ ಆಗಿದ್ದರೆ ಹುಬ್ಬು ಒಂಚೂರು ಎತ್ತುತ್ತಿದ್ದ, ಅಷ್ಟೇ, ಅದರಲ್ಲೇ ಎಲ್ಲ ಮಾತು ಮುಗಿದು ಹೋಗುತ್ತಿತ್ತು. ಇದನ್ನು ಓದಿದ ಮೇಲೆ ನಿಮ್ಮ ಪ್ರಶ್ನೆಯನ್ನು ದೇವರು ಇದ್ದಾನೋ ಇಲ್ಲವೋ ಅನ್ನುವ ಚರ್ಚೆಯ ಹಾಗೆ ನೋಡಲು ನನಗೆ ಮನಸ್ಸು ಬರಲಿಲ್ಲ. ನಿಮ್ಮ ನೋವು ಇರುವುದು ಆ ಹುಬ್ಬಿನಲ್ಲಿ.

ಆದರೆ ಸುತ್ತಲಿನವರು ಅದನ್ನು ಚರ್ಚೆ ಮಾಡಿಬಿಟ್ಟಿದ್ದಾರೆ. ಒಂದು ಕಡೆ ನೆಂಟರು. "ದೇವರು ಪರೀಕ್ಷೆ ಮಾಡ್ತಿದ್ದಾನೆ", "ಒಳ್ಳೆಯವರನ್ನು ಬೇಗ ಕರೆಸಿಕೊಳ್ಳುತ್ತಾನೆ". ಇನ್ನೊಂದು ಕಡೆ ಗೆಳೆಯರು. "ಈಗಲಾದರೂ ಕಣ್ಣು ತೆರೀತಲ್ಲ, ಇನ್ನು ಈ ಹಾಡುಗಳನ್ನೆಲ್ಲ ಬಿಡು". ಎರಡೂ ಕಡೆಯವರ ಮೇಲೆ ನನಗೆ ಸಿಟ್ಟು ಬಂತು. ಸತ್ತವನು ನಿಮ್ಮ ತಮ್ಮ. ಅವನ ಸಾವನ್ನು ತಂತಮ್ಮ ವಾದಕ್ಕೆ ಪುರಾವೆ ಮಾಡಿಕೊಳ್ಳುವ ಹಕ್ಕನ್ನು ಇವರಿಗೆ ಯಾರು ಕೊಟ್ಟರು? ದುಃಖದಲ್ಲಿರುವವರ ಮನೆಗೆ ಹೋದಾಗ ಉತ್ತರ ಹೊತ್ತುಕೊಂಡು ಹೋಗಬಾರದು. ಸುಮ್ನೆ ಪಕ್ಕದಲ್ಲಿ ಕೂತು ಬಂದರೆ ಸಾಕು. ಅವರಿಗೆ ನೀವು ಈಗ ಯಾವ ಉತ್ತರವನ್ನೂ ಕೊಡಬೇಕಾಗಿಲ್ಲ. 14 ತಿಂಗಳು ಅಂದರೆ ಏನು ಮಹಾ? ಇನ್ನೂ ನಿನ್ನೆ ಮೊನ್ನೆಯ ಮಾತು.

ಈಗ ಮೋಸದ ಮಾತಿಗೆ ಬರುತ್ತೇನೆ.

ಮೋಸ ಅಂದರೆ ಏನು? ಇಲ್ಲದ್ದನ್ನು ಇದೆ ಅಂತ ಹೇಳಿ ಇನ್ನೊಬ್ಬರಿಂದ ಏನನ್ನಾದರೂ ಕಿತ್ತುಕೊಳ್ಳುವುದು, ಅಲ್ವಾ? ನೀವು ಆ ಅಜ್ಜಿಗೆ ಏನು ಹೇಳಿದಿರಿ? ಏನೂ ಹೇಳಿಲ್ಲ. ಹಾಡಿದಿರಿ. ಶ್ರುತಿ ತಪ್ಪದಂತೆ, ಮಾತು ಮುಕ್ಕಾಗದಂತೆ, ಎಲ್ಲಿ ಉಸಿರು ತೆಗೆದುಕೊಂಡರೆ ಸಾಲು ಒಡೆಯುವುದಿಲ್ಲವೋ ಅಲ್ಲಿ ಮಾತ್ರ ಉಸಿರು ತೆಗೆದುಕೊಂಡು ಹಾಡಿದಿರಿ. ಅದನ್ನು ಕೇಳಿ ಆಕೆಗೆ ಏನೋ ಆಯಿತು, ಆದದ್ದನ್ನು ಆಕೆ ತನಗೆ ಗೊತ್ತಿರುವ ಮಾತಿನಲ್ಲಿ ಹೇಳಿದರು. ಆ ಮಾತು ಆಕೆಯದು, ಆಕೆಯ ಮಟ್ಟಿಗೆ ನಿಜವೇ. ಅದಕ್ಕೆ ನೀವು ಹೌದು ಅಂತಲೂ ಇಲ್ಲ ಅಂತಲೂ ಸಹಿ ಹಾಕಬೇಕಾಗಿಲ್ಲ. ಹಾಡೋದು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದ ಹಾಗಲ್ಲ.

ಇದೇ ದಾರಿಯಲ್ಲಿ ನಡೆದವರು ನಿಮಗಿಂತ ಮುಂಚೆ ಬಹಳ ಜನ ಇದ್ದಾರೆ. ಜರ್ಮನಿಯ ಸಂಗೀತ ರಚನಕಾರ ಬ್ರಾಮ್ಸ್ ವಿಷಯ ನನಗೆ ತುಂಬ ಇಷ್ಟ. 1865ರಲ್ಲಿ ಅವನ ತಾಯಿ ತೀರಿಕೊಂಡಳು. ಆ ಮೇಲಿನ ವರ್ಷಗಳಲ್ಲಿ ಅವನು ಸತ್ತವರಿಗಾಗಿ ಹಾಡುವ ಒಂದು ದೊಡ್ಡ ಕೃತಿಯನ್ನು ಕಟ್ಟಿದ. ಚರ್ಚಿನ ಹಳೆಯ ಕ್ರಮದಲ್ಲಿ ಇಂಥ ಸಂಗೀತ ಸತ್ತವರ ಆತ್ಮಶಾಂತಿಗಾಗಿ ದೇವರನ್ನು ಬೇಡುತ್ತದೆ. ಬ್ರಾಮ್ಸ್ ಆ ಪಠ್ಯವನ್ನು ಬಿಟ್ಟುಬಿಟ್ಟ. ಬೈಬಲ್ಲಿನಿಂದ ತನಗೆ ಬೇಕಾದ ಸಾಲುಗಳನ್ನು ತಾನೇ ಹೆಕ್ಕಿಕೊಂಡ, ಮೊದಲ ಸಾಲೇ ದುಃಖಪಡುವವರ ಬಗ್ಗೆ, ಅವರಿಗೆ ಸಿಗುವ ಸಮಾಧಾನದ ಬಗ್ಗೆ. ಅಂದರೆ ಅವನ ಕಣ್ಣು ಇದ್ದದ್ದು ಉಳಿದವರ ಮೇಲೆ, ನಿಮ್ಮಂಥವರ ಮೇಲೆ. 1868ರ ಶುಭ ಶುಕ್ರವಾರ ಬ್ರೆಮೆನ್ ನಗರದ ದೊಡ್ಡ ಚರ್ಚಿನಲ್ಲೇ ಅದನ್ನು ಹಾಡಿಸಲು ಸಿದ್ಧತೆ ಆಗುತ್ತಿದ್ದಾಗ, ಅಲ್ಲಿನ ಸಂಗೀತ ನಿರ್ದೇಶಕನಿಗೆ ಕಸಿವಿಸಿ ಆಯಿತು: ಇಷ್ಟೆಲ್ಲ ಇದೆ, ಆದರೆ ಕ್ರಿಸ್ತನೇ ಇಲ್ಲವಲ್ಲ! ಬ್ರಾಮ್ಸ್ ಬಗ್ಗಲಿಲ್ಲ. ಕೃತಿಯ ಹೆಸರಿನಲ್ಲಿದ್ದ 'ಜರ್ಮನ್' ಅನ್ನುವ ಪದವನ್ನೂ ತೆಗೆದು ಅಲ್ಲಿ 'ಮನುಷ್ಯರ' ಅಂತ ಇಡಲು ತಾನು ಸಿದ್ಧ ಅಂತ ಅವನಿಗೆ ಬರೆದ. ಬ್ರಾಮ್ಸ್‌ಗೆ ದೇವರಲ್ಲಿ ನಂಬಿಕೆ ಇಲ್ಲವಲ್ಲ ಅಂತ ಅವನನ್ನು ಪ್ರೀತಿಸುತ್ತಿದ್ದ, ಸ್ವತಃ ದೈವಭಕ್ತನಾಗಿದ್ದ ಇನ್ನೊಬ್ಬ ಸಂಗೀತ ರಚನಕಾರ ದ್ವೊರ್ಝಾಕ್ ಮರುಗುತ್ತಿದ್ದನಂತೆ. ಆದರೂ ಆ ಸಂಗೀತವನ್ನು ನಂಬುವವರೂ ನಂಬದವರೂ ಇವತ್ತಿಗೂ ಒಟ್ಟಿಗೆ ನಿಂತು ಹಾಡುತ್ತಾರೆ. ಇಟಲಿಯ ಸಂಗೀತ ರಚನಕಾರ ವೆರ್ಡಿಯದೂ ಹೀಗೆಯೇ. ಹೆಚ್ಚೇನೂ ನಂಬಿಕೆ ಇಲ್ಲದ ಮನುಷ್ಯ, ಆದರೆ ತಾನು ಗೌರವಿಸುತ್ತಿದ್ದ ಲೇಖಕ ತೀರಿಕೊಂಡಾಗ ಬರೆದದ್ದು ಸತ್ತವರ ಪ್ರಾರ್ಥನೆಯನ್ನೇ, 1874ರಲ್ಲಿ ಅದು ಮೊದಲು ಕೇಳಿಸಿದ್ದೂ ಮಿಲಾನ್‌ನ ಒಂದು ಚರ್ಚಿನಲ್ಲೇ.

ಆದರೆ ಇವರು ಹಾಡು ಕಟ್ಟಿದವರು, ನನ್ನ ಸ್ಥಿತಿಯೇ ಬೇರೆ, ಜನ ನನ್ನನ್ನು ಭಕ್ತೆ ಅಂತ ತಿಳಿದುಕೊಂಡೇ ಕರೆಯುತ್ತಾರೆ ಅಂತ ನೀವು ಹೇಳಬಹುದು. ಸರಿ. ಹಾಗಾದರೆ ಮದರ್ ತೆರೇಸಾ ಅವರನ್ನು ನೋಡಿ. ಜಗತ್ತೇ ಅವರನ್ನು ನಂಬಿಕೆಯ ಮೂರ್ತಿ ಅಂದುಕೊಂಡಿತ್ತು. 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು, 1997ರಲ್ಲಿ ತೀರಿಕೊಂಡರು. ಹತ್ತು ವರ್ಷ ಕಳೆದು, 2007ರಲ್ಲಿ, ಅವರು ತಮ್ಮ ಗುರುಗಳಿಗೆ ಖಾಸಗಿಯಾಗಿ ಬರೆದ ಕಾಗದಗಳು ಹೊರಬಂದವು. ಅವುಗಳನ್ನು ನಾಶ ಮಾಡಿಬಿಡಿ ಅಂತ ಅವರು ಕೇಳಿಕೊಂಡಿದ್ದರು, ಆದರೆ ಉಳಿದುಕೊಂಡವು. ಓದಿದವರಿಗೆ ದಿಗ್ಭ್ರಮೆ. ಹೆಚ್ಚುಕಡಿಮೆ 50 ವರ್ಷ, ಅಂದರೆ ಬಡವರ ಸೇವೆ ಶುರು ಮಾಡಿದ ದಿನಗಳಿಂದ ಕೊನೆಯವರೆಗೂ, ನಡುವಿನ ಕೆಲವು ವಾರ ಬಿಟ್ಟರೆ, ಅವರಿಗೆ ಒಳಗೆ ದೇವರ ಸುಳಿವೇ ಸಿಕ್ಕಿರಲಿಲ್ಲ. ಪ್ರಾರ್ಥಿಸಿದರೆ ಆ ಕಡೆಯಿಂದ ಬರುತ್ತಿದ್ದದ್ದು ಮೌನ. ಹೊರಗೆ ನಗುಮುಖ, ಒಳಗೆ ಕತ್ತಲು. ಆಗ ಕೆಲವರು ಆಕೆಯನ್ನು ಆಷಾಢಭೂತಿ ಅಂದರು. ನನಗೆ ಹಾಗೆ ಅನಿಸುವುದಿಲ್ಲ. ಮುಂಜಾನೆ ಎದ್ದು ಸಾಯುತ್ತಿರುವವನ ಮೈ ಒರೆಸುವಾಗ ಆಕೆಯ ಕೈಯಲ್ಲಿ ಇದ್ದದ್ದು ನಿಜವಾದ ನೀರು, ನಿಜವಾದ ಬಟ್ಟೆ. ಒಳಗೆ ಏನಿತ್ತು ಏನಿರಲಿಲ್ಲ ಅನ್ನುವುದರಿಂದ ಆ ಮನುಷ್ಯನಿಗೆ ಸಿಕ್ಕ ತಂಪು ಸುಳ್ಳಾಗುವುದಿಲ್ಲ. ಆಕೆ ನಂಬಿಕೆಯನ್ನು ಕಳೆದುಕೊಂಡಿದ್ದರು ಅಂತ ನಾನು ಹೇಳುತ್ತಿಲ್ಲ, ಗಮನಿಸಿ. ಆಕೆ ಆ ಕತ್ತಲನ್ನೂ ದೇವರಿಗೇ ಒಪ್ಪಿಸಿದರು. ಆದರೆ ಒಳಗಿನ ಅನುಭವ ಬತ್ತಿದ ಮೇಲೂ ಕೈ ಕೆಲಸ ಮಾಡಬಹುದು, ಆ ಕೆಲಸ ನಿಜವಾಗಿಯೇ ಇರಬಹುದು, ಇಷ್ಟನ್ನು ಆ ಕಾಗದಗಳು ನನಗೆ ಹೇಳಿಕೊಟ್ಟವು.

ಇನ್ನೊಂದು ಮಾತು. ನೀವು ಹಾಡುವ ಪರಂಪರೆಯಲ್ಲೇ ನಿಮ್ಮ ಸಿಟ್ಟಿಗೆ ಜಾಗ ಇದೆ. ದಾಸರ ಪದಗಳಲ್ಲಿ ದೇವರನ್ನು ಹಂಗಿಸುವ, ಜಗಳಕ್ಕೆ ಕರೆಯುವ, ನಿನಗೆ ಕಣ್ಣಿಲ್ಲವೇ ಅಂತ ಕೇಳುವ ಹಾಡುಗಳಿವೆ. ಅದಕ್ಕೆ ನಿಂದಾಸ್ತುತಿ ಅಂತಲೇ ಹೆಸರು, ನಿಮಗೆ ನಾನು ಹೇಳಬೇಕಾಗಿಲ್ಲ. ಬೈಬಲ್ಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳೇ. ಅದರಲ್ಲಿ 88ನೆಯದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಉಳಿದ ಗೋಳಿನ ಕೀರ್ತನೆಗಳು ಬಹುಮಟ್ಟಿಗೆ ಕೊನೆಗೆ ಒಂದು ಭರವಸೆಯ ಮಾತಿಗೆ ಬಂದು ನಿಲ್ಲುತ್ತವೆ. ಇದು ನಿಲ್ಲುವುದಿಲ್ಲ. ಗೆಳೆಯರೂ ದೂರ ಆದರು ಅನ್ನುತ್ತದೆ, ಕತ್ತಲು ಅನ್ನುತ್ತದೆ, ಮುಗಿಯುತ್ತದೆ. ಮೂಲ ಹೀಬ್ರೂ ಭಾಷೆಯಲ್ಲಿ ಅದರ ಕಟ್ಟಕಡೆಯ ಪದವೇ ಕತ್ತಲು. ಆ ಕಾಲದ ಹಿರಿಯರಿಗೆ ಅದನ್ನು ಸಂಗ್ರಹದಿಂದ ತೆಗೆದುಹಾಕುವುದು ಕಷ್ಟದ ಕೆಲಸವಾಗಿರಲಿಲ್ಲ. ತೆಗೆಯಲಿಲ್ಲ. ಹಾಡುವವರ ಬಾಯಲ್ಲಿ ಅದೂ ಇರಲಿ ಅಂದುಕೊಂಡರು.

ಹಾಗಾಗಿ ಒಂದು ಕೆಲಸ ಮಾಡಿ. ನಿಮ್ಮ ಹಾಡುಗಳ ಪುಸ್ತಕ ತೆಗೆದು ಒಂದು ಸಲ ಪೂರ್ತಿ ನೋಡಿ. ಯಾವ ಹಾಡು ಹಾಡುವಾಗ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೋ, ನೀನೇ ಕಾಯುವವನು, ನೀನು ಕೈಬಿಡುವವನಲ್ಲ ಅನ್ನುವಂಥವು, ಅವುಗಳನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಪ್ರಶ್ನೆ ಕೇಳುವ, ಕಾಯುವ, ಗೋಗರೆಯುವ ಹಾಡುಗಳನ್ನು ಮುಂದಕ್ಕೆ ತನ್ನಿ. ಅವು ಎಷ್ಟು ಇವೆ ಅಂತ ನೋಡಿ ನಿಮಗೇ ಆಶ್ಚರ್ಯ ಆಗುತ್ತದೆ. ಅವುಗಳನ್ನು ನೀವು ಈಗ ಹಾಡುವಷ್ಟು ಚೆನ್ನಾಗಿ ಎರಡು ವರ್ಷದ ಹಿಂದೆ ಹಾಡುತ್ತಿದ್ದಿರಿ ಅಂತ ನನಗೆ ಅನಿಸುವುದಿಲ್ಲ.

ಪತ್ರದಲ್ಲಿ ನೀವು ಹೇಳಿದ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. "ಕೊನೆಗೂ ಹಾಡು ಅಂದರೆ ಬರೀ ತಂತ್ರ, ಗಂಟಲಿನ ಕಸರತ್ತು" ಅಂದಿದ್ದೀರಿ. ನೋವಿನಲ್ಲಿ ಬಂದ ಮಾತು, ಅರ್ಥ ಆಗುತ್ತದೆ. ಆದರೂ ಅದು ನಿಜವಲ್ಲ. ಆ ಹಾಡುಗಳನ್ನು ಕಟ್ಟಿದವರು ತಮ್ಮ ಇಡೀ ಬದುಕನ್ನು ಪಣಕ್ಕಿಟ್ಟು ನಂಬಿದವರು. ಅವರ ನಂಬಿಕೆ ನಮಗೆ ಇಲ್ಲದೆ ಇರಬಹುದು, ಆದರೆ ಅದು ಇಲ್ಲದಿದ್ದರೆ ಆ ಸಾಲೇ ಹುಟ್ಟುತ್ತಿರಲಿಲ್ಲ ಅನ್ನುವ ಗೌರವ ಇರಬೇಕು. ಬಿಸ್ಮಿಲ್ಲಾ ಖಾನರಲ್ಲಿ ಅಂಥ ಗೌರವ ಇತ್ತು. ಅವರು ನಿಷ್ಠಾವಂತ ಶಿಯಾ ಮುಸ್ಲಿಂ, ಮೊಹರಂ ದಿನಗಳಲ್ಲಿ ಶೋಕದ ಧಾಟಿಗಳನ್ನು ನುಡಿಸುತ್ತಿದ್ದರು. ಅದೇ ಶಹನಾಯಿಯನ್ನು ಕಾಶಿಯ ದೇವಸ್ಥಾನದಲ್ಲೂ ಕೂತು ನುಡಿಸುತ್ತಿದ್ದರು. ತನ್ನದಲ್ಲದ ದೇವರ ಎದುರು ನುಡಿಸುವಾಗ ಅದನ್ನು ಬರೀ ಕಸರತ್ತು ಅಂದುಕೊಂಡಿದ್ದರೆ ಆ ನಾದ ಹಾಗೆ ಬರುತ್ತಿರಲಿಲ್ಲ. ಈ ಹಾಡು ಯಾರು ಹಾಡಬಹುದು, ಯಾರು ಹಾಡಬಾರದು, ಹಾಡುವವರ ಹುಟ್ಟು ಯಾವುದು, ಮನಸ್ಸಿನಲ್ಲಿ ಏನಿದೆ ಅಂತ ಬಾಗಿಲಲ್ಲಿ ನಿಂತು ತಪಾಸಣೆ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ನೀವು ನಿಮ್ಮನ್ನೇ ಹಾಗೆ ತಪಾಸಣೆ ಮಾಡಿಕೊಳ್ಳುವುದು ಬೇಡ.

ಮೋಸ ಎಲ್ಲಿ ಶುರುವಾಗುತ್ತದೆ ಅಂತ ಕೇಳಿದರೆ, ಅದನ್ನೂ ಹೇಳುತ್ತೇನೆ. ಆ ಅಜ್ಜಿಯ ಕಣ್ಣೀರನ್ನು ನೋಡಿ, ಹೌದಮ್ಮ, ನನ್ನ ಮೈಮೇಲೆ ದೇವರು ಬರುತ್ತಾನೆ ಅಂತ ನೀವು ಹೇಳಿದ್ದರೆ ಅದು ಮೋಸ. ಜನರ ಭಕ್ತಿಯನ್ನು ಕಾಸಾಗಿಸಿಕೊಂಡರೆ, ಅಥವಾ ಅದನ್ನೇ ಇನ್ನೊಬ್ಬರ ಮೇಲೆ ಎತ್ತಿಕಟ್ಟಲು ಬಳಸಿದರೆ ಅದು ಮೋಸಕ್ಕಿಂತ ದೊಡ್ಡ ತಪ್ಪು. ಅಂಥದ್ದನ್ನು ಮಾಡುವವರು ಇದ್ದಾರೆ, ಅವರಿಗೆ ಒಂದು ದಿನವೂ ನಿದ್ದೆ ಕೆಟ್ಟಿದ್ದನ್ನು ನಾನು ಕಂಡಿಲ್ಲ. ನಿಮಗೆ ಕೆಟ್ಟಿದೆ. ಇನ್ನು, ಹತ್ತಿರದವರು ಯಾರಾದರೂ ನಿಮ್ಮ ಮುಖ ನೋಡಿ ನೇರವಾಗಿ, ನಿನಗೆ ಈಗ ನಂಬಿಕೆ ಇದೆಯಾ ಅಂತ ಕೇಳಿದರೆ ಇಲ್ಲ ಅಂತ ಹೇಳಿ. ಅಲ್ಲಿ ಸುಳ್ಳು ಬೇಡ. ಆದರೆ ವೇದಿಕೆಯ ಮೇಲೆ ಮೈಕು ಹಿಡಿದು ಅದನ್ನು ಸಾರಬೇಕಾದ ಸಾಲ ನಿಮ್ಮ ತಲೆ ಮೇಲೆ ಇಲ್ಲ.

ಮೈಯ ಲೆಕ್ಕವೂ ಒಂದಿದೆ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಹದಿಹರೆಯದವರ ಒಂದು ಗುಂಪನ್ನು ಹಾಡಿಸಿ ಅವರ ಎದೆಬಡಿತ ಅಳೆದರು. ಒಂದು ಪ್ರಾರ್ಥನಾ ಗೀತೆ ಹಾಡಿಸಿದರು, ಒಂದು ನಿಧಾನದ ಮಂತ್ರವನ್ನೂ ಹೇಳಿಸಿದರು. ಸಾಲಿನ ಉದ್ದಕ್ಕೆ ತಕ್ಕಂತೆ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡು ಒಟ್ಟಿಗೆ ಬಿಡುವುದರಿಂದ ಅವರ ಎದೆಬಡಿತಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯಲು ಶುರುವಾದವು. ಇದರಿಂದ ದೇವರು ಇದ್ದಾನೆ ಅಂತಲೂ ಆಗುವುದಿಲ್ಲ, ಇಲ್ಲ ಅಂತಲೂ ಆಗುವುದಿಲ್ಲ. ಆದರೆ ನೀವು ಪಲ್ಲವಿ ಎತ್ತಿದಾಗ ಎದುರಿಗೆ ಕೂತ ನೂರು ಜನ ಮೆಲ್ಲನೆ ದನಿ ಸೇರಿಸುತ್ತಾರಲ್ಲ, ಆಗ ನಿಮ್ಮ ಉಸಿರು ಒಂಟಿಯಾಗಿ ಇರುವುದಿಲ್ಲ. ಈ ಹೊತ್ತಿನಲ್ಲಿ ನಿಮಗೆ ಅದು ಬೇಕು. ಅವರಿಗಾಗಿ ಹಾಡುತ್ತಿದ್ದೇನೆ ಅಂದುಕೊಂಡಿದ್ದೀರಿ, ಅವರೂ ನಿಮ್ಮನ್ನು ಎತ್ತಿ ಹಿಡಿದಿರಬಹುದು.

ಬಿಟ್ಟರೆ ಏನಾಗುತ್ತದೆ? ಡಾರ್ವಿನ್ ಮಗಳು ಆ್ಯನಿ 1851ರಲ್ಲಿ ಹತ್ತು ವರ್ಷದವಳಾಗಿದ್ದಾಗ ತೀರಿಕೊಂಡಳು. ಅಲ್ಪಸ್ವಲ್ಪ ಉಳಿದಿದ್ದ ನಂಬಿಕೆಯೂ ಅಲ್ಲಿಗೆ ಹೋಯಿತು ಅಂತ ಅವನ ಬದುಕು ಬರೆದವರು ಕೆಲವರು ಹೇಳುತ್ತಾರೆ. ಆದರೆ ನನ್ನನ್ನು ತಟ್ಟಿದ್ದು ಬೇರೆ. ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಅವನು ಕಾವ್ಯವೂ ಸಂಗೀತವೂ ತನಗೆ ರುಚಿಸದೇ ಹೋದದ್ದನ್ನು ಹೇಳಿ ಸಂಕಟಪಡುತ್ತಾನೆ. ನಂಬಿಕೆ ಹೋದದ್ದಕ್ಕೆ ಹೀಗಾಯಿತು ಅನ್ನುವುದಿಲ್ಲ ಅವನು. ಬಳಸದೆ ಬಿಟ್ಟಿದ್ದಕ್ಕೆ ಒಳಗಿನ ಆ ಭಾಗ ಸೊರಗಿತು ಅನ್ನುತ್ತಾನೆ. ಮತ್ತೊಮ್ಮೆ ಬದುಕಲು ಸಿಕ್ಕರೆ ವಾರಕ್ಕೆ ಒಂದು ಸಲವಾದರೂ ಒಂದಿಷ್ಟು ಕವಿತೆ ಓದುವ, ಒಂದಿಷ್ಟು ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುತ್ತಿದ್ದೆ, ಅದು ಹೋದದ್ದು ಸಂತೋಷವೇ ಹೋದ ಹಾಗೆ ಅನ್ನುತ್ತಾನೆ. ತಮ್ಮ ಹೋದ. ನಂಬಿಕೆ ಹೋಯಿತು. ಮೂರನೆಯದನ್ನು ನೀವೇ ಕೈಯಾರೆ ಎತ್ತಿ ಕೊಡಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಕಾರಣ ಇದೆ. ಇದನ್ನು ಎಲ್ಲೂ ಬರೆದಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನನಗೆ 24 ವರ್ಷ. ಆಗತಾನೇ ನಾನು ನಂಬಿಕೆಯನ್ನೆಲ್ಲ ಬಿಟ್ಟಿದ್ದೆ, ಬಿಟ್ಟದ್ದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಒಂದು ಸಂಜೆ ಅಪ್ಪ, ಚಿಕ್ಕಂದಿನಲ್ಲಿ ತಾವೇ ನನಗೆ ಹೇಳಿಕೊಟ್ಟ ಒಂದು ಪದದ ಹೆಸರು ಹೇಳಿ, "ಒಂದೇ ಒಂದು ನುಡಿ ಹೇಳೋ" ಅಂದರು. ನಾನು, "ಅದನ್ನೆಲ್ಲ ನಂಬಲ್ಲ ಅಪ್ಪ, ಸುಳ್ಳು ಸುಳ್ಳೇ ಹೇಗೆ ಹಾಡಲಿ?" ಅಂದೆ. ಕಡ್ಡಿ ಮುರಿದ ಹಾಗೆ. ಅವರು ನನ್ನನ್ನೇ ನೋಡಿದರು. "ನಂಬು ಅಂದೆನೇನೋ? ಹಾಡು ಅಂದೆ, ಅಷ್ಟೇ" ಅಂದರು. ಆಮೇಲೆ ಗೋಡೆ ಕಡೆ ಹೊರಳಿದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ, ಹೊದಿಕೆಯ ಅಂಚಿನಲ್ಲಿ ಅವರ ಬಲಗೈ ಬೆರಳೊಂದು ಏಳುತ್ತಿತ್ತು, ಬೀಳುತ್ತಿತ್ತು. ತಾಳ ಹಾಕುತ್ತಿದ್ದರು. ಒಳಗೇ ಹಾಡಿಕೊಳ್ಳುತ್ತಿದ್ದರು. ಪದ ನನಗೆ ಗೊತ್ತಿದ್ದರಿಂದ ಅವರು ಎಷ್ಟನೇ ನುಡಿಯಲ್ಲಿದ್ದಾರೆ ಅಂತಲೂ ಗೊತ್ತಾಗುತ್ತಿತ್ತು. ಆಗಲಾದರೂ ದನಿ ಸೇರಿಸಬಹುದಿತ್ತು. ಸೇರಿಸಲಿಲ್ಲ. ಒಂಬತ್ತು ದಿನಕ್ಕೆ ಹೋಗಿಬಿಟ್ಟರು. ನನಗೆ ಇವತ್ತಿಗೂ ಅವರ ನಂಬಿಕೆ ಬಂದಿಲ್ಲ. ಆದರೆ ಆ ಪದವನ್ನು ಈಗ ಹಾಡುತ್ತೇನೆ, ಒಬ್ಬನೇ ಇದ್ದಾಗ, ಪೂರ್ತಿ.

ಪತ್ರದ ಕೊನೆಯಲ್ಲಿ ನೀವು ತಮ್ಮನಿಗೆ ಇಷ್ಟವಾಗಿದ್ದ ಒಂದು ಹಾಡಿನ ಮಾತು ಎತ್ತಿದ್ದೀರಿ. 14 ತಿಂಗಳಿಂದ ಅದನ್ನು ಮುಟ್ಟಿಲ್ಲ, ಯಾರಾದರೂ ಹಾಡಿ ಅಂದರೆ ಗಂಟಲು ಸರಿಯಿಲ್ಲ ಅಂತ ತಪ್ಪಿಸಿಕೊಳ್ಳುತ್ತೀರಿ. ಅದನ್ನು ವೇದಿಕೆಯ ಮೇಲೆ ಹಾಡಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಶ್ರುತಿ ಹಾಕಿಕೊಂಡು, ತಬಲಾ ಇಲ್ಲದೆ, ನಿಮ್ಮ ಕೈಯಲ್ಲೇ ತಾಳ ಹಾಕಿಕೊಂಡು ಒಂದು ಸಲ ಹಾಡಿ. ನಡುವೆ ದನಿ ಒಡೆದರೆ ಒಡೆಯಲಿ, ಅಲ್ಲಿಂದಲೇ ಮುಂದಕ್ಕೆ ಹೋಗಿ. ಚರಣಕ್ಕೆ ಹೋಗುವ ಮುಂಚೆ ಪಕ್ಕಕ್ಕೆ ನೋಡಬೇಕು ಅನಿಸಿದರೆ ನೋಡಿ. ಆಮೇಲೆ ನನಗೆ ಬರೆಯಿರಿ. ಆ ಹಾಡು ಯಾವ ತಾಳದಲ್ಲಿದೆ ಅಂತ ನೀವು ತಿಳಿಸಿಲ್ಲ.

ನಿಮ್ಮ,
ಸಂಪಾದಕ